ಅಗ್ನಿಶಾಮಕ ಠಾಣೆಗೂ ರಕ್ಷಣೆ ಬೇಕು

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲೂಕಿನ ಮೊಸಳೆ ಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿಯೊಂದು ನುಗ್ಗಿ ಕನಿಷ್ಠ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಮೃತರಲ್ಲಿ ಹೆಚ್ಚಿನವರು ಬಾಳಿ ಬದುಕಬೇಕಾಗಿದ್ದ ಯುವಕರು. ಅವರ ಹಬ್ಬ ಯಾವುದು, ಆರಾಧನೆ ಯಾವುದು ಎಂದು ಕೇಳಿ ಕಣ್ಣೀರು ಸುರಿಸುವುದು ಮನುಷ್ಯ ಧರ್ಮವಲ್ಲ. ಅವರು ಈ ನಾಡಿನ ಮಕ್ಕಳು. ಆ ಮನೆಗಳ ದುಃಖ ನಮ್ಮ ದುಃಖವೂ ಹೌದು.

ಇಂತಹ ಪ್ರತಿಯೊಂದು ದುರಂತದ ಬಳಿಕ ನಡೆಯುವುದನ್ನೆಲ್ಲ ನಾವು ಬಲ್ಲೆವು. ನಾಯಕರು ಧಾವಿಸುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಚಾಲಕನನ್ನು ಬಂಧಿಸಲಾಗುತ್ತದೆ. ಅವನ ಜಾತಿ-ಧರ್ಮಗಳನ್ನು ಜಾಲಾಡುವವರೂ ಹುಟ್ಟಿಕೊಳ್ಳುತ್ತಾರೆ. ಆದರೆ ರಸ್ತೆ ಬಿಟ್ಟು ನುಗ್ಗುವ ವಾಹನವನ್ನು ತಡೆಯುವಂಥದ್ದು ಅಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯವೇ ಹೇಳಿದೆ. ಇವೆಲ್ಲವನ್ನೂ ವಿಧಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲು ಸಾಧ್ಯವೇ? ಒಂಟೆಯನ್ನು ಕಟ್ಟಿದ ಬಳಿಕವೇ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಪ್ರವಾದಿ(ಸ)ರು ಕಲಿಸಿದರು. ಮುನ್ನೆಚ್ಚರಿಕೆಯಿಲ್ಲದ ಭರವಸೆಗೆ ಇಸ್ಲಾಮ್‌ನಲ್ಲಿ ಸ್ಥಾನವಿಲ್ಲ.

ಈ ಹಿನ್ನೆಲೆಯಲ್ಲಿ ಯಾರೂ ಅಷ್ಟಾಗಿ ಯೋಚಿಸದ ಒಂದು ಕಟ್ಟಡದ ಬಗ್ಗೆ ನಾವಿಲ್ಲಿ ಪ್ರಸ್ತಾಪಿಸ ಬಯಸುತ್ತೇವೆ. ಅದು ಅಗ್ನಿಶಾಮಕ ಠಾಣೆ. ಕರೆ ಬಂದ ಕೂಡಲೇ ವಾಹನ ಹೊರಡಬೇಕಾದ್ದರಿಂದ ಠಾಣೆ ಮುಖ್ಯ ರಸ್ತೆಗೆ ಹತ್ತಿರವಿರುವುದು ಅನಿವಾರ್ಯ. ಆದರೆ ಆ ಸಾಮೀಪ್ಯವೇ ಅದರ ಅಪಾಯವೂ ಹೌದು. ಹಾಸನ ಮತ್ತು ಚನ್ನರಾಯಪಟ್ಟಣಗಳು ಬೆಂಗಳೂರು-ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಊರುಗಳು. ಹೊಳೆನರಸೀಪುರವು ಮೊಸಳೆ ಹೊಸಹಳ್ಳಿಯ ಮೂಲಕವೇ ಸಾಗುವ ಹೆದ್ದಾರಿ 373ರಲ್ಲಿದೆ. ಅರಕಲಗೂಡಿನ ಮೂಲಕ ಕೊಡಗಿನತ್ತ ವಾಹನಗಳು ಸಾಗುತ್ತವೆ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಚಾಲಕ ಒಂದು ಕ್ಷಣ ತೂಕಡಿಸಿದರೂ ಅದು ರಸ್ತೆ ಬಿಟ್ಟು ಠಾಣೆಯ ಬಾಗಿಲು ಮುರಿಯಬಹುದು.

ಅಂಗಡಿಯೊಂದಕ್ಕೆ ಲಾರಿ ನುಗ್ಗಿದರೆ ನಾವು ಅಗ್ನಿಶಾಮಕ ದಳಕ್ಕೆ ಕರೆ ಮಾಡುತ್ತೇವೆ. ಠಾಣೆಗೇ ನುಗ್ಗಿದರೆ ಯಾರನ್ನು ಕರೆಯುವುದು? ಬಾಗಿಲ ಕಂಬ ಕುಸಿದರೆ ಒಳಗಿನ ವಾಹನ ಅಲ್ಲೇ ಬಂಧಿಯಾಗುತ್ತದೆ. ಸಿಬ್ಬಂದಿಗೆ ಗಾಯವಾದರೆ ಜಲವಾಹನವಿದ್ದೂ ಪ್ರಯೋಜನವಿಲ್ಲ. ಹೊಳೆನರಸೀಪುರಕ್ಕಾಗಲಿ ಅರಕಲಗೂಡಿಗಾಗಲಿ ಹಾಸನದಿಂದ ವಾಹನ ಬರಬೇಕಾದರೆ ಸುಮಾರು 30 ಕಿ.ಮೀ. ದಾರಿ. ಚನ್ನರಾಯಪಟ್ಟಣಕ್ಕೆ ಇನ್ನೂ ಹೆಚ್ಚು. ನೀರು ತುಂಬಿದ ಭಾರದ ವಾಹನ ಅಷ್ಟು ದೂರ ಬರುವಷ್ಟರಲ್ಲಿ ಒಂದು ಗುಜರಿ ಅಂಗಡಿ, ಒಂದು ಸಾಮಿಲ್, ಒಂದು ಬೇಕರಿ ಬೂದಿಯಾಗಿರುತ್ತದೆ. ಇಂತಹ ಸಣ್ಣ ವ್ಯಾಪಾರಗಳನ್ನೇ ನೆಚ್ಚಿಕೊಂಡು ಇಕ್ಕಟ್ಟಾದ ಮೊಹಲ್ಲಾಗಳಲ್ಲಿ ಬದುಕುವ ನಮ್ಮ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ.

ಪರಿಹಾರ ದುಬಾರಿಯೇನಲ್ಲ. ಕಾಂಕ್ರೀಟ್ ತುಂಬಿದ ಉಕ್ಕಿನ ಗಟ್ಟಿ ಗೂಟಗಳನ್ನು ಬಾಗಿಲ ಕಂಬಗಳ ಇಕ್ಕೆಲಗಳಲ್ಲಿ ಹಾಗೂ ಸಿಬ್ಬಂದಿ ಕುಳಿತುಕೊಳ್ಳುವ ಕೊಠಡಿಯ ಗೋಡೆಯ ಮುಂದೆ ಆಳವಾಗಿ ಹೂಳಬೇಕು. ವಾಹನ ಹೊರಡುವ ದಾರಿ ಮಾತ್ರ ಸಂಪೂರ್ಣ ತೆರೆದಿರಬೇಕು. ರಸ್ತೆ ತಿರುವಿನಲ್ಲಿ ಠಾಣೆಯಿದ್ದರೆ ಅಂಚಿಗೆ ಲೋಹದ ತಡೆಬೇಲಿ ಅಗತ್ಯ. ಠಾಣೆಯ ಎದುರಿಗೇ ಉಬ್ಬು ಹಾಕಿದರೆ ಅದು ಅಗ್ನಿಶಾಮಕ ವಾಹನಕ್ಕೇ ಅಡ್ಡಿಯಾಗುತ್ತದೆ. ಆದ್ದರಿಂದ ಎರಡೂ ಕಡೆ ಸಾಕಷ್ಟು ಮೊದಲೇ ವೇಗ ತಗ್ಗಿಸುವ ಪಟ್ಟಿಗಳು, ರಾತ್ರಿ ಹೊಳೆಯುವ ಫಲಕಗಳು, ಬೀದಿದೀಪ, ಕರೆ ಬಂದಾಗ ಮಿನುಗುವ ಹಳದಿ ದೀಪ ಬೇಕು. ವೇಗ ಅರ್ಧಕ್ಕಿಳಿದರೆ ಡಿಕ್ಕಿಯ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ತಡೆಬೇಲಿಗಳಿಗೆ, ರಸ್ತೆ ಫಲಕಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡಗಳು ಸಿದ್ಧವಾಗಿಯೇ ಇವೆ. ಕೊರತೆಯಿರುವುದು ಇಚ್ಛಾಶಕ್ತಿಯದ್ದು.

ಹೆದ್ದಾರಿ ಒಬ್ಬರದ್ದು, ಊರೊಳಗಿನ ರಸ್ತೆ ಇನ್ನೊಬ್ಬರದ್ದು, ಠಾಣೆ ಮಗದೊಬ್ಬರದ್ದು ಎಂಬ ಸಬೂಬು ಇಂತಹ ಕೆಲಸಗಳನ್ನು ನುಂಗಿಬಿಡುತ್ತದೆ. ಆದ್ದರಿಂದ ಜಿಲ್ಲಾಧಿಕಾರಿಗಳು ಹೆದ್ದಾರಿ, ಲೋಕೋಪಯೋಗಿ, ಅಗ್ನಿಶಾಮಕ, ಪೊಲೀಸ್ ಇಲಾಖೆಗಳನ್ನೂ ನಗರಾಡಳಿತಗಳನ್ನೂ ಒಂದೆಡೆ ಕೂರಿಸಿ ಈ ನಾಲ್ಕೂ ಊರುಗಳ ಠಾಣೆಗಳ ಜಂಟಿ ಪರಿಶೀಲನೆಗೆ ದಿನ ಗೊತ್ತುಪಡಿಸಬೇಕು. ಶಾಸಕರು ತಮ್ಮ ಪ್ರದೇಶಾಭಿವೃದ್ಧಿ ನಿಧಿಯನ್ನು ಸ್ವಾಗತ ಕಮಾನುಗಳಿಗೆ ಬಳಸುವ ಮೊದಲು ಈ ಗೂಟಗಳನ್ನು ನೆನಪಿಸಿಕೊಳ್ಳಲಿ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಜುಮಾ ನಮಾಝಿನ ಹೊತ್ತಿಗೆ, ಶಾದಿ ಮಹಲ್‌ಗಳ ಮುಂದೆ, ರಮಝಾನಿನ ಸಂಜೆಗಳಲ್ಲಿ ನಮ್ಮ ವಾಹನಗಳು ನಿಲ್ಲುವುದು ಎಲ್ಲಿ? ಅಂಗಡಿಯ ಸಾಮಾನು ರಸ್ತೆಗೆ ಎಷ್ಟು ಅಡಿ ಚಾಚಿರುತ್ತದೆ? ಇಂತಹ ಅಡ್ಡಿಯನ್ನು ತಪ್ಪಿಸಲು ಚಾಲಕ ದಿಕ್ಕು ಬದಲಿಸಿದಾಗಲೂ ಅಪಘಾತಗಳಾಗುತ್ತವೆ. ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಆರು ತಿಂಗಳವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಸತ್ಯವಿಶ್ವಾಸಿಯನ್ನು ತಿದ್ದಲು ದಂಡದ ಭಯ ಬೇಕೇ? ದಾರಿಯಿಂದ ತೊಂದರೆದಾಯಕ ವಸ್ತುವನ್ನು ಸರಿಸುವುದನ್ನು ಪ್ರವಾದಿ(ಸ)ರು ಈಮಾನಿನ ಶಾಖೆಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆ ವಸ್ತು ಮುಳ್ಳು, ಕಲ್ಲುಗಳಷ್ಟೇ ಅಲ್ಲ, ಅಡ್ಡಾದಿಡ್ಡಿ ನಿಲ್ಲಿಸಿದ ನಮ್ಮ ಬೈಕು, ಕಾರುಗಳೂ ಆಗಿರಬಹುದು.

ಮಸೀದಿ ಆಡಳಿತ ಸಮಿತಿಗಳು ಜುಮಾದ ದಿನ ವಾಹನ ನಿಲುಗಡೆಗೆ ನಾಲ್ವರು ಸ್ವಯಂಸೇವಕರನ್ನು ನೇಮಿಸಲಿ. ಖತೀಬರು ರಸ್ತೆಯ ಹಕ್ಕಿನ ಬಗ್ಗೆ ಖುತ್ಬಾ ನೀಡಲಿ. ಊರಿನ ಎಲ್ಲ ಧರ್ಮೀಯರನ್ನು ಸೇರಿಸಿಕೊಂಡು ಠಾಣೆಯ ರಕ್ಷಣೆಗಾಗಿ ಮನವಿ ಸಲ್ಲಿಸಲಿ. ಬೆಂಕಿಯು ಮಸೀದಿ, ಮಂದಿರಗಳ ಭೇದವೆಣಿಸದು. ಅದನ್ನು ನಂದಿಸಲು ಬರುವವರೂ ನಮ್ಮ ಹೆಸರು ಕೇಳಿ ಬರುವುದಿಲ್ಲ. ಪ್ರಾಣದ ಹಂಗು ತೊರೆದು ನಮ್ಮನ್ನು ಕಾಯುವ ಆ ಸಿಬ್ಬಂದಿ ಠಾಣೆಯೊಳಗಾದರೂ ಸುರಕ್ಷಿತರಾಗಿರುವಂತೆ ನೋಡಿಕೊಳ್ಳುವುದು ಉಪಕಾರವಲ್ಲ. ಅದು ನಮ್ಮ ಮೇಲಿರುವ ಋಣ.