ಮುಂದಿನ ಹೆಣ ಬೀಳೋ ಮುಂಚೆ ಯಾರು ಹೋಗ್ಬೇಕು?

2022ರ ಜುಲೈ ನೆನಪಿದೆಯಾ? ಬೆಳ್ಳಾರೆ ಭಾಗದಲ್ಲಿ ಎರಡು ಕೊಲೆ, ಬೆನ್ನಲ್ಲೇ ಸುರತ್ಕಲ್‌ನಲ್ಲಿ ಇನ್ನೊಂದು. ಸತ್ತ ಮೂವರೂ ಯುವಕರು. ಸುರತ್ಕಲ್ ಪ್ರಕರಣದ ಆರೋಪಿಯೊಬ್ಬನ ಕೊಲೆ 2025ರ ಮೇ 1ರಂದು ಬಜ್ಪೆಯಲ್ಲಾಯ್ತು. ಅದೇ ತಿಂಗಳ 27ಕ್ಕೆ ಬಂಟ್ವಾಳದಲ್ಲಿ ಮತ್ತೊಂದು.

ಸರ್ಕಾರ ವಿಶೇಷ ಕಾರ್ಯಪಡೆ ರಚಿಸಿತು. ಬೇಕಿತ್ತು, ಸರಿ. ಆದರೆ ಸೇಡಿನ ಮಾತು ಮೊದಲು ಕಿವಿಗೆ ಬೀಳೋದು ಪೊಲೀಸರಿಗಲ್ಲ, ಗೆಳೆಯರಿಗೆ.

ಸಾಂಕ್ರಾಮಿಕ ರೋಗಗಳ ತಜ್ಞ ಗ್ಯಾರಿ ಸ್ಲಟ್ಕಿನ್ 2000ದಲ್ಲಿ ಶಿಕಾಗೋದಲ್ಲಿ ಹಿಡಿದದ್ದು ಇದೇ ಎಳೆ. ಹಿಂಸೆ ರೋಗದ ಹಾಗೆ ಹರಡುತ್ತೆ, ಹರಡುವಾಗಲೇ ತಡೀಬೇಕು ಅನ್ನೋದು ಅವರ ವಾದ. ತಡೆಯಲು ಹೋಗೋರು ಅದೇ ಬೀದಿಯವರು, ಕೆಲವರು ಹಿಂದೆ ಗ್ಯಾಂಗಿನಲ್ಲಿದ್ದವರು. ಫಲಿತಾಂಶ ಎಲ್ಲ ಕಡೆ ಒಂದೇ ಥರ ಬಂದಿಲ್ಲ, ನಿಜ. ಆದರೂ ಅವರು ಮಾತಾಡಿಸೋದು ಕೋಪದಲ್ಲಿರೋ ಹುಡುಗನನ್ನೇ.

ನಮ್ಮ ಶಾಂತಿಸಭೆಗೆ ಬರೋದು ಮುಖಂಡರು. ಆ ಹುಡುಗ ಅಲ್ಲಿರೋದೇ ಇಲ್ಲ.

ಇದು ಕರಾವಳಿಯ ಸಮಸ್ಯೆ, ನಮಗ್ಯಾಕೆ ಅನ್ನಬೇಡಿ. ಜಾನುವಾರು ಸಾಗಿಸುತ್ತಿದ್ದವರೊಬ್ಬರ ಶವ 2023ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಕನಕಪುರ ತಾಲೂಕಿನ ಸಾತನೂರಲ್ಲಿ. ಗೋರಕ್ಷಣೆ ಹೆಸರಿನ ಗುಂಪಿನವರು ಆರೋಪಿಗಳು. ಪಕ್ಕದ ಚನ್ನಪಟ್ಟಣಕ್ಕೆ, ಅಲ್ಲಿನ ವಿರೂಪಾಕ್ಷಿಪುರಕ್ಕೆ ಇದು ದೂರದ ಸುದ್ದಿಯಲ್ಲ.

ಹಾಗಂತ ರಾಜಿ ಪಂಚಾಯ್ತಿ ಮಾಡಿ ಕೇಸು ಮುಚ್ಚಿಹಾಕಿ ಅಂತಲ್ಲ. ಕೋರ್ಟಿನ ಕೆಲಸ ಕೋರ್ಟೇ ಮಾಡಲಿ. ವಾಟ್ಸಾಪ್ ಗ್ರೂಪಿನಲ್ಲಿ 'ಬಿಡಬಾರ್ದು' ಅಂತ ಬರೆದವನ ಮನೆಗೆ ಅವತ್ತೇ ರಾತ್ರಿ ಹೋಗಿ ಕೂರೋಕೆ ಪ್ರತಿ ಊರಲ್ಲೂ ಅವನು ನಂಬೋ ಇಬ್ಬರು ಬೇಕು. ನಿಮ್ಮೂರಲ್ಲಿ ಆ ಇಬ್ಬರು ಯಾರು?