ಆ ಕೆಂಪಿಗೆ ಒಂದು ಜೀವವಿತ್ತು

ಕೊಳ್ಳೇಗಾಲದ, ಹನೂರಿನ, ಯಳಂದೂರಿನ ಅಕ್ಕಂದಿರೇ, ಅಣ್ಣಂದಿರೇ, ಒಡವೆಗಾಗಿ ಒಂದು ಜೀವ ಹೋಗುವುದೆಂದರೆ ಏನೆಂದು ನಿಮಗೆ ಗೊತ್ತು. ನಾಡಿನ ಉಳಿದವರಿಗೆ ಅದು ಪತ್ರಿಕೆಯಲ್ಲಿ ಓದಿ ಮಡಿಸಿಟ್ಟ ಸುದ್ದಿ. ನಿಮ್ಮ ಹಿರಿಯರಿಗೆ ಅದು ಬೆಟ್ಟದ ಆಚೆ ಕೇಳಿದ ಗುಂಡಿನ ಸದ್ದು, ದನ ಮೇಯಿಸಲು ಹೋದವರು ಮೂಗು ಮುಚ್ಚಿಕೊಂಡು ಬಂದು ಹೇಳಿದ ಮಾತು, ಮುಖ ಕೊಯ್ದು ದಂತ ಕಿತ್ತು ಬಿಟ್ಟುಹೋದ ಆನೆಯ ಹೆಣ. ನಮ್ಮ ಆನೆಗಳಲ್ಲಿ ದಂತ ಬೆಳೆಯುವುದು ಗಂಡಿಗೆ ಮಾತ್ರ. ಹಾಗಾಗಿ ಮಾದೇಶ್ವರನ ಬೆಟ್ಟದ ಕಾಡುಗಳಲ್ಲಿ ವೀರಪ್ಪನ್ ಮತ್ತು ಅವನಂಥವರು ಗಂಡಾನೆಗಳನ್ನೇ ಹುಡುಕಿ ಹುಡುಕಿ ಕೊಂದರು. ಅದಕ್ಕೆ ಅಡ್ಡ ನಿಂತ, ಕೋವಿಗಿಂತ ಹೆಚ್ಚಾಗಿ ಊರವರ ಒಳ್ಳೆಯತನವನ್ನೇ ನಂಬಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ಶರಣಾಗುವ ನೆಪ ಹೇಳಿ ಕರೆಸಿ ಕೊಂದರು. ಗೋಪಿನಾಥಂನ ಜನ ಇಂದಿಗೂ ಅವರನ್ನು ನೆನೆದು ಕೈಮುಗಿಯುತ್ತಾರೆ.

ಆ ದಂತ ಇಲ್ಲಿ ಉಳಿಯಲಿಲ್ಲ. ಬಳೆಯಾಗಿ, ಬೊಂಬೆಯಾಗಿ, ಸರದ ಮಣಿಯಾಗಿ ಎಲ್ಲೆಲ್ಲಿಯದೋ ಮನೆಗಳನ್ನು ಸೇರಿತು. ಕೊಂಡವರು ಕ್ರೂರಿಗಳಾಗಿರಲಿಲ್ಲ. ಮಕ್ಕಳನ್ನು ಮುದ್ದಿಸುವವರು, ದೇವರಿಗೆ ದೀಪ ಹಚ್ಚುವವರು. ಅವರು ನಮ್ಮ ಕಾಡನ್ನು ಕಂಡಿರಲಿಲ್ಲ, ಅಷ್ಟೇ.

ನಾವು ಕಡಲನ್ನು ಕಂಡಿಲ್ಲ.

ಅದಕ್ಕೇ ಈ ಮಾತು. ತಾಳಿಯ ಗುಂಡಿನ ಪಕ್ಕದಲ್ಲಿ ಪೋಣಿಸುವ ಕೆಂಪು ಹವಳ, ಜಾತಕದಲ್ಲಿ ಕುಜದೋಷವೆಂದಾಗ ಮಂಗಳವಾರ ನೋಡಿ ಬೆರಳಿಗೇರಿಸುವ ಹವಳದುಂಗುರ, ಇದು ನೆಲದಿಂದ ಅಗೆದ ಕಲ್ಲಲ್ಲ. ಕಡಲ ತಳದ ಕತ್ತಲ ಬಂಡೆಗೆ ಅಂಟಿ, ಒಂದೊಂದಕ್ಕೂ ಎಂಟೆಂಟು ಎಳೆಗೈಗಳುಳ್ಳ ಪುಟ್ಟ ಪುಟ್ಟ ಜೀವಿಗಳು ಒಟ್ಟಾಗಿ ಬಾಳುತ್ತಾ, ನೀರಿನಲ್ಲಿ ತೇಲಿಬಂದದ್ದನ್ನು ಹಿಡಿದು ತಿನ್ನುತ್ತಾ, ತಮ್ಮ ಮೈಯೊಳಗೆ ಕಟ್ಟಿಕೊಂಡ ಎಲುಬು ಅದು. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳದ ಕೊಂಬೆ ವರ್ಷವಿಡೀ ಬೆಳೆದರೂ ಒಂದು ಮಿಲಿಮೀಟರಿನ ಅರ್ಧದಷ್ಟೂ ದಪ್ಪವಾಗುವುದಿಲ್ಲ. ನಿಮ್ಮ ಕಿರುಬೆರಳ ಉಗುರಿನಷ್ಟು ಅಗಲದ ಒಂದು ಮಣಿಗೆ ಹಲವು ದಶಕಗಳು ಬೇಕು. ಅಜ್ಜಿ ಹಸೆಮಣೆ ಏರಿದ ವರ್ಷ ಬೆಳೆಯತೊಡಗಿದ ಹವಳ ಮೊಮ್ಮಗಳ ಮದುವೆಯ ಹೊತ್ತಿಗೆ ಒಂದು ಮಣಿಯಾಗಬಹುದು. ಅದನ್ನು ಮುರಿಯಲು ಒಂದು ಗಳಿಗೆ ಸಾಕು.

ರೇಷ್ಮೆಯೂ ಜೀವ ತೆಗೆದೇ ಬರುವುದಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಮಾತು, ಅದರಲ್ಲೂ ಕೊಳ್ಳೇಗಾಲದಲ್ಲಿ ನಿಂತು. ಹುಳು ಬೇಯುವಾಗ ನೋವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಹಿಪ್ಪುನೇರಳೆ ಸೊಪ್ಪು ಹಾಕಿ ನಾವೇ ಸಾಕುತ್ತೇವೆ. ಒಂದು ತಿಂಗಳ ಆಸುಪಾಸಿನಲ್ಲಿ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಮತ್ತೆ ಮೊಟ್ಟೆ, ಮತ್ತೆ ಬೆಳೆ. ಕಡಲ ಹವಳವನ್ನು ಯಾರೂ ಸಾಕಲಿಲ್ಲ, ಯಾರೂ ಅದಕ್ಕೆ ಸೊಪ್ಪು ಹಾಕಲಿಲ್ಲ. ಮರದ ಶಿಲುಬೆಗೆ ಬಲೆ ಕಟ್ಟಿ ಸಮುದ್ರದ ತಳವನ್ನೇ ಬಾಚಿ, ಹವಳದ ಜೊತೆಗೆ ಅಲ್ಲಿ ಬಾಳುತ್ತಿದ್ದ ಬೇರೆಲ್ಲವನ್ನೂ ಹರಿದು ಎಳೆದ ಶತಮಾನಗಳಿವೆ. ಯುರೋಪಿನ ದೇಶಗಳು ಆ ಶಿಲುಬೆಯನ್ನು ನಿಷೇಧಿಸಿದ್ದು 1994ರಲ್ಲಿ. ಈಗ ಉಸಿರಿನ ಸಿಲಿಂಡರು ಕಟ್ಟಿಕೊಂಡು ಮುಳುಗಿ ಕೊಯ್ಯುತ್ತಾರೆ. ಅದರ ಮೇಲೆ ನೀರಿನ ಬಿಸಿಯೂ ಏರುತ್ತಿದೆ. 1999ರ ಬೇಸಿಗೆಯಲ್ಲಿ ಫ್ರಾನ್ಸ್, ಇಟಲಿಯ ಕರಾವಳಿಯಲ್ಲಿ ಹವಳದ ಹಿಂಡುಗಳು ನಿಂತಲ್ಲೇ ಸತ್ತವು. ಆನೆಗೆ ಘೀಳಿಡಲು ಬಾಯಾದರೂ ಇತ್ತು. ಇವಕ್ಕೆ ಅದೂ ಇಲ್ಲ.

ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ: ರೋಮಿನ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತದ ಗಂಡಸರಿಗೆ ಹವಳ ಅಷ್ಟೇ ಪ್ರಿಯ, ಭಾರತಕ್ಕೆ ಮಾರಿ ಮಾರಿ, ಹವಳ ಹುಟ್ಟುವ ನಾಡಿನಲ್ಲೇ ಅದು ಕಾಣಸಿಗದಂತಾಗಿದೆ. ಅಂದರೆ ಆ ಕಡಲಿನ ಬರಿದಾಗುವಿಕೆಯಲ್ಲಿ ನಮ್ಮ ಪಾಲು ಹಳೆಯದು. ನಮ್ಮ ದೇಶದ ಹವಳದ ದಿಬ್ಬಗಳನ್ನು 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಿ, ಹುಲಿ ಆನೆಗಳ ಸಾಲಿನಲ್ಲೇ ಕೂರಿಸಿದ್ದೇವೆ. ಆದರೆ ಒಡವೆಯ ಹವಳ ಪರದೇಶದ ಕಡಲಿನದು. ದಂತಕ್ಕೆ 1989ರಲ್ಲಿ ಜಗತ್ತು ಕೊಟ್ಟ ರಕ್ಷಣೆಯ ನೆರಳಾದರೂ ಅದಕ್ಕೆ ಸಿಗಲೆಂದು 2007ರಲ್ಲೂ 2010ರಲ್ಲೂ ದೇಶಗಳೆಲ್ಲ ಸೇರಿ ಕುಳಿತವು, ಮತ ಹಾಕಿದವು, ಕೈಬಿಟ್ಟವು. ಸರ್ಕಾರಗಳು ಕೈಬಿಟ್ಟ ಮೇಲೆ ಉಳಿದದ್ದು ಕೊಳ್ಳುವ ಕೈ. ನಿಮ್ಮದು, ನನ್ನದು.

ನಿಮ್ಮ ನಂಬಿಕೆಯನ್ನು ಬಿಡಿ ಎನ್ನುತ್ತಿಲ್ಲ. ಮುತ್ತೈದೆತನವನ್ನು ಹಗುರ ಮಾಡುವ ಮಾತೂ ಇದಲ್ಲ. ಅಜ್ಜಿಯ ಸರದಲ್ಲಿ ಹವಳವಿದ್ದರೆ ಕಣ್ಣಿಗೊತ್ತಿಕೊಳ್ಳಿ, ಸೊಸೆಗೆ ಕೊಡಿ, ಮೊಮ್ಮಗಳಿಗೆ ಕೊಡಿ. ಅದಕ್ಕೆ ತೆತ್ತ ಜೀವ ಇನ್ನೆರಡು ತಲೆಮಾರಾದರೂ ಬೆಳಗಲಿ. ಅದಿಲ್ಲದಿದ್ದರೆ ಕರಿಮಣಿಯಿದೆ, ಚಿನ್ನದ ಗುಂಡಿದೆ, ಕೆಂಪು ಗಾಜಿನ ಮಣಿಯಿದೆ. ಯಳಂದೂರಿನ ಬಳೆ ಮಂಟಪದ ಮುಂದೆ ನಿಂತು ತಲೆಯೆತ್ತಿ ನೋಡಿ. ಒಂದು ಜೀವವನ್ನೂ ನೋಯಿಸದೆ, ಬರಿಯ ಕಲ್ಲಿನಲ್ಲಿ ಬಳೆಗೆ ಬಳೆ ಕೋದು ಸರಪಳಿ ಇಳಿಬಿಟ್ಟ ಕೈಗಳು ನಮ್ಮ ನೆಲದವೇ.

ಈ ವರ್ಷ ನಿಮ್ಮ ಮನೆಯಲ್ಲಿ ಮದುವೆಯಿದ್ದರೆ, ಚಿನ್ನದಂಗಡಿಯವರು ಕೆಂಪು ಮಣಿಗಳ ತಟ್ಟೆಯನ್ನು ಮುಂದೆ ಸರಿಸಿದಾಗ, ಇದು ಯಾವ ಕಡಲಿನದು, ಎಷ್ಟು ವರ್ಷದ್ದು ಎಂದು ಕೇಳಿ. ಅವರು ಸುಮ್ಮನಾದರೆ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಹೊಸ ಹವಳ ನಮಗೆ ಬೇಡ ಎನ್ನಿ. ದಂತದ ಬೆಲೆ ಕಣ್ಣಾರೆ ಕಂಡ ಊರಿನವರು ನೀವು. ಮೊದಲು ನೀವು ಹೇಳಿ.