ಹೆಗಲು ಒಪ್ಪುವ ಕ್ಯಾಮೆರಾ ಚೀಲ

ಸಂತೇಬೆನ್ನೂರಿನ ಪುಷ್ಕರಣಿಯ ಚಿತ್ರ ತೆಗೆಯಲು ದಂಡೆಯ ಮೇಲೆ ನಿಂತರೆ ಸಾಲದು. ನೀರಿನ ನಡುವಿನ ವಸಂತ ಮಂಟಪ ಚೌಕಟ್ಟಿನೊಳಗೆ ಚೆನ್ನಾಗಿ ಕೂರಬೇಕಾದರೆ ಕಲ್ಲಿನ ಮೆಟ್ಟಿಲು ಇಳಿಯಬೇಕು. ಮುಸಾಫಿರ್‌ಖಾನೆಯತ್ತ ಹೋಗಲು ಮತ್ತೆ ಹತ್ತಬೇಕು. 16ನೇ ಶತಮಾನದಲ್ಲಿ ಈ ಹೊಂಡ ಕಟ್ಟಿಸಿದ ಹನುಮಪ್ಪ ನಾಯಕ, ಹೆಗಲಿಗೆ ಕ್ಯಾಮೆರಾ ಚೀಲ ಹೊತ್ತು ಬರುವ ಹೈಸ್ಕೂಲು ಮಕ್ಕಳನ್ನು ಕನಸಿನಲ್ಲೂ ಎಣಿಸಿರಲಾರ.

ಕ್ಯಾಮೆರಾಕ್ಕಾಗಿ ಹತ್ತು ಅಂಗಡಿ ಸುತ್ತುವ ಪೋಷಕರು ಚೀಲದ ಮಾತು ಬಂದಾಗ ‘ಯಾವುದೋ ಒಂದು ಕೊಡಿ’ ಎಂದುಬಿಡುತ್ತಾರೆ. ಒಮ್ಮೆ ತೂಕ ಲೆಕ್ಕ ಹಾಕಿ ನೋಡಿ. ಸಾಮಾನ್ಯ ಡಿಎಸ್‌ಎಲ್‌ಆರ್ ಸುಮಾರು ಅರ್ಧ ಕಿಲೋ. ಜೊತೆಗೆ ಬರುವ ಲೆನ್ಸ್ 200 ಗ್ರಾಂ. ದೂರದ ಹಕ್ಕಿ ಹಿಡಿಯುವ ಜೂಮ್ ಲೆನ್ಸ್ ಇನ್ನರ್ಧ ಕಿಲೋ. ಒಂದು ಲೀಟರ್ ನೀರು, ಕಿಲೋ ದಾಟುವ ಟ್ರೈಪಾಡ್. ದಪ್ಪ ಮೆತ್ತೆಯ ಖಾಲಿ ಚೀಲವೇ ಒಂದು ಕಿಲೋಗೂ ಮೇಲೆ! ಒಟ್ಟು ನಾಲ್ಕೂವರೆ ಕಿಲೋ ಸಮೀಪಿಸಿತು. ಶಾಲಾ ಚೀಲ ಮಗುವಿನ ತೂಕದ ಶೇ 10ನ್ನು ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ನೀತಿ ಹೇಳುತ್ತದೆ. ಪುಸ್ತಕಕ್ಕೊಂದು, ಕ್ಯಾಮೆರಾಕ್ಕೊಂದು ಎಂದು ಬೆನ್ನುಮೂಳೆ ಭೇದ ಮಾಡುವುದಿಲ್ಲ. 40 ಕಿಲೋ ತೂಗುವ ಹುಡುಗಿಗೆ ನಾಲ್ಕು ಕಿಲೋವೇ ಮಿತಿ.

ಮೊದಲು ಟ್ರೈಪಾಡ್ ಮನೆಯಲ್ಲಿರಲಿ. ಪುರಾತತ್ವ ಇಲಾಖೆ ಸಂರಕ್ಷಿಸಿರುವ ಸ್ಮಾರಕಗಳಲ್ಲಿ ಅದನ್ನು ಬಳಸಲು ಹೇಗೂ ಅನುಮತಿ ಬೇಕು.

ಒಂದೇ ಹೆಗಲಿಗೆ ತೂಗುವ ಚೀಲದಿಂದ ಕ್ಯಾಮೆರಾ ಬೇಗ ತೆಗೆಯಬಹುದು, ನಿಜ. ಒಂದು ಕ್ಯಾಮೆರಾ, ಒಂದು ಲೆನ್ಸ್ ಇದ್ದರೆ ಅದೇ ಸಾಕು. ಅದಕ್ಕಿಂತ ಭಾರವಾದರೆ ಬೇಡ. ಮೆಟ್ಟಿಲಿನಲ್ಲಿ ಬಗ್ಗಿದೊಡನೆ ಅದು ಮುಂದಕ್ಕೆ ಜಾರಿ ಆಯ ತಪ್ಪಿಸುತ್ತದೆ. ಎರಡೂ ಹೆಗಲಿಗೆ ಅಗಲ ಪಟ್ಟಿ, ಸೊಂಟಕ್ಕೊಂದು ಬೆಲ್ಟ್ ಇರುವ ಬೆನ್ನುಚೀಲವೇ ಲೇಸು. ಕೈಗಳೆರಡೂ ಖಾಲಿ ಇರುತ್ತವೆ. ಭಾರದ ಲೆನ್ಸ್ ಬೆನ್ನಿಗೆ ಒತ್ತಿಕೊಂಡಿರಲಿ. ಹೊರಬದಿಯಲ್ಲಿಟ್ಟರೆ ಅದು ಹಿಂದಕ್ಕೆಳೆಯುತ್ತದೆ, ಮಗು ಗೂನಾಗಿ ನಡೆಯುತ್ತದೆ. ಬೆನ್ನಿಗೆ ತಾಗುವ ಬದಿಯಲ್ಲೇ ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಒದ್ದೆ ಕಲ್ಲಿನ ಮೇಲೆ ಮಲಗಿಸಿ ತೆರೆದರೂ ಕೆಸರು ಅಂಗಿಗೆ ಅಂಟದು. ಬಸ್ಸಿನ ನೂಕುನುಗ್ಗಲಿನಲ್ಲಿ ಹಿಂದಿನವರು ಜಿಪ್ ಎಳೆಯಲೂ ಆಗದು.

ಇಷ್ಟಕ್ಕೆಲ್ಲ ಹೊಸ ಚೀಲವೇ ಬೇಕೆಂದಿಲ್ಲ. ಹೆಗಲಿಗೆ ಒಗ್ಗಿದ ಹಳೆಯ ಶಾಲಾ ಚೀಲದೊಳಗೆ ಫೋಮಿನ ಅಡ್ಡಗೋಡೆಗಳ ಪೆಟ್ಟಿಗೆ ಇಟ್ಟುಕೊಳ್ಳಬಹುದು. ಊರಿನ ದರ್ಜಿಯೂ ಹೊಲಿದುಕೊಟ್ಟಾನು. ಕೊಳ್ಳುವುದೇ ಆದರೆ ಮಗುವನ್ನೂ ಕ್ಯಾಮೆರಾವನ್ನೂ ಅಂಗಡಿಗೆ ಕರೆದೊಯ್ಯಿರಿ. ಎಲ್ಲವನ್ನೂ ತುಂಬಿಸಿ, ಹೊರಿಸಿ, ಹತ್ತು ನಿಮಿಷ ನಡೆಸಿ, ಮಹಡಿ ಮೆಟ್ಟಿಲು ಹತ್ತಿಸಿ. ಅಂಗಡಿಯವನು ಗೊಣಗಿದರೆ ಗೊಣಗಲಿ.

ಮಳೆಯಲ್ಲಿ ನೆನೆದು ಬಂದ ದಿನ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ಮಲಗಬೇಡಿ. ತೇವ ಉಳಿದರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಚೀಲ ಪೂರ್ತಿ ಒಣಗಿದ ಮೇಲೆ, ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ ಹಾಕಿ ಒಳಗಿಡಿ.